ಬೇರಿಯಾಟ್ರಿಕ್ ಸರ್ಜರಿ ಆದಮೇಲೆ ಜೋಲುಬಿದ್ದ ಚರ್ಮ: ತೆಗೆಸಬೇಕೇ, ಕಾಯಬೇಕೇ?

ಪ್ರಶ್ನೆ:
ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಗಳಲ್ಲಿ ಒಂದಾದ ಸ್ಲೀವ್ (ಜಠರದ ಬಹುಭಾಗ ತೆಗೆದು ಸಣ್ಣ ಕೊಳವೆಯಷ್ಟು ಉಳಿಸುವುದು) ಆಗಿ ವರ್ಷ ದಾಟಿದೆ. ತೂಕ ಚೆನ್ನಾಗಿಯೇ ಇಳಿಯಿತು, ಶುಗರ್ ಮಾತ್ರೆಯೂ ನಿಂತಿದೆ. ಆದರೆ ಕೆಳಹೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯ ಮೇಲೆ ಬೀಳುತ್ತದೆ, ತೋಳು ಜೋಲಾಡುತ್ತದೆ. ಈಚೆಗೆ ತೂಕ ಸ್ವಲ್ಪ ಏರಿದೆ, ಅದೊಂದು ಭಯ. ಕ್ರೀಮು, ವ್ಯಾಯಾಮದಿಂದ ಚರ್ಮ ಬಿಗಿಯಾಗುತ್ತದೆಯೇ? ಆಪರೇಷನ್ನೇ ಗತಿಯಾದರೆ ಯಾವಾಗ ಮಾಡಿಸಬೇಕು? ಮಾಡಿಸಿಕೊಂಡವರು, ಬೇಡ ಅಂದವರು ಇಬ್ಬರೂ ಹೇಳಿ.

ಉತ್ತರ 1:
ನನ್ನದು ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ನೇರ ಸಣ್ಣಕರುಳಿಗೆ ಜೋಡಿಸುವ ಬೇರಿಯಾಟ್ರಿಕ್ ಸರ್ಜರಿ). ಆಮೇಲೆ ಹೊಟ್ಟೆ, ತೋಳು ಎರಡೂ ಮಾಡಿಸಿಕೊಂಡೆ. ಕ್ರೀಮಿನ ಮಾತು ಮೊದಲು ಮುಗಿಸಿಬಿಡೋಣ: ದುಡ್ಡು ದಂಡ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗೆ ಅದನ್ನು ಬಿಗಿಯಾಗಿಡುವ ಕೊಲಾಜನ್, ಎಲಾಸ್ಟಿನ್ ಎಳೆಗಳೇ ಹಾಳಾಗಿರುತ್ತವೆ. ಮೇಲೆ ಹಚ್ಚಿದ್ದು ಅವನ್ನು ಮತ್ತೆ ಹೆಣೆಯುವುದಿಲ್ಲ. ಸೊಂಟದ ಸಡಿಲ ಇಲಾಸ್ಟಿಕ್ ಎಷ್ಟು ಒಗೆದರೂ ಬಿಗಿಯಾಗುತ್ತದೆಯೇ? ಯಾರಿಗೆ ಎಷ್ಟು ಜೋಲುಬೀಳುತ್ತದೆ ಅನ್ನುವುದು ವಯಸ್ಸು, ವಂಶ, ಸಿಗರೇಟು, ಎಷ್ಟು ವರ್ಷ ದಪ್ಪಗಿದ್ದಿರಿ, ಎಷ್ಟು ಇಳಿದಿರಿ ಅನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಪಕ್ಕದವರ ಫೋಟೊ ನೋಡಿ ಕೊರಗಬೇಡಿ.

ಸಮಯದ ವಿಚಾರ. ಬೇರಿಯಾಟ್ರಿಕ್ ಆಗಿ ಸಾಮಾನ್ಯವಾಗಿ 12ರಿಂದ 18 ತಿಂಗಳ ಹೊತ್ತಿಗೆ ತೂಕ ತಳ ಮುಟ್ಟುತ್ತದೆ. ಅಲ್ಲಿಂದ 3ರಿಂದ 6 ತಿಂಗಳು ತೂಕ ಒಂದೇ ಕಡೆ ನಿಂತಿದ್ದನ್ನು ನೋಡಿದ ಮೇಲೇ ಪ್ಲಾಸ್ಟಿಕ್ ಸರ್ಜನ್ ಒಪ್ಪುವುದು ರೂಢಿ. ಅವಸರ ಮಾಡಿ ಕತ್ತರಿಸಿಕೊಂಡು ಮತ್ತೆ ತೂಕ ಇಳಿದರೆ ಚರ್ಮ ಮತ್ತೆ ಜೋಲು. ಇನ್ನೊಂದು, ಹೀಮೊಗ್ಲೋಬಿನ್, ಕಬ್ಬಿಣ, ಬಿ12, ಆಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನ್) ಪರೀಕ್ಷೆ ಮಾಡಿಸದೆ ಟೇಬಲ್ ಹತ್ತಬೇಡಿ. ನಮ್ಮಂಥವರಲ್ಲಿ ಇವು ಕಡಿಮೆಯಾಗುವುದು ಸಾಮಾನ್ಯ, ಕಡಿಮೆಯಾದರೆ ಗಾಯ ಮಾಯುವುದಿಲ್ಲ. ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು.

ಹೊಟ್ಟೆಗೆ ಎರಡು ಬಗೆಯ ಆಪರೇಷನ್ ಇದೆ, ಎರಡನ್ನೂ ಒಂದೇ ಅಂದುಕೊಳ್ಳುವವರೇ ಹೆಚ್ಚು. ಪ್ಯಾನಿಕ್ಯುಲೆಕ್ಟಮಿಯಲ್ಲಿ ಜೋತುಬಿದ್ದ ಮಡಿಕೆಯನ್ನಷ್ಟೇ ತೆಗೆಯುತ್ತಾರೆ. ಅಬ್ಡೊಮಿನೋಪ್ಲಾಸ್ಟಿಯಲ್ಲಿ ಒಳಗಿನ ಸ್ನಾಯುವನ್ನೂ ಎಳೆದು ಹೊಲಿಯುತ್ತಾರೆ, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಎರಡರಲ್ಲೂ ಈ ಸೊಂಟದಿಂದ ಆ ಸೊಂಟದವರೆಗೆ ಗುರುತು ಉಳಿಯುತ್ತದೆ. ತೋಳಿನದು ಕಂಕುಳಿಂದ ಮೊಣಕೈವರೆಗೆ, ತೋಳಿಲ್ಲದ ಬಟ್ಟೆ ಹಾಕಿದರೆ ಕಾಣುತ್ತದೆ. ಗುರುತು ಇರಲಿ, ಜೋಲು ಹೋಗಲಿ ಅನ್ನುವವರು ಮಾತ್ರ ಮುಂದುವರಿಯಿರಿ. ನಾನು ಆ ಪೈಕಿ, ಖುಷಿಯಾಗಿದ್ದೇನೆ. ಆದರೆ ಡ್ರೈನ್ (ಗಾಯದೊಳಗಿನ ನೀರು ಹೊರಹಾಕುವ ಕೊಳವೆ) ತೆಗೆದ ಮೇಲೂ ಒಳಗೆ ನೀರು ತುಂಬಿ ಸಿರಿಂಜಿನಲ್ಲಿ ತೆಗೆಸಬೇಕಾಯಿತು, ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡು ಮಾಯಲು ತಡವಾಯಿತು. ಇವು ಅಪರೂಪದ ತೊಂದರೆಗಳಲ್ಲ, ರಜೆ ಹಾಕುವಾಗ ಲೆಕ್ಕದಲ್ಲಿಡಿ.

ಉತ್ತರ 2:
ಮಡಿಕೆಯೊಳಗೆ ಕೆಂಪಾಗಿ, ವಾಸನೆ ಬಂದು, ಉರಿಯುತ್ತಿದೆಯಾ? ಇದ್ದರೆ ಅದು ಅಂದಚಂದದ ಪ್ರಶ್ನೆಯಲ್ಲ, ರೋಗ. ತೊಳೆದು, ಒತ್ತಿ ಒರೆಸಿ (ಉಜ್ಜಬೇಡಿ), ಪೂರ್ತಿ ಒಣಗಿಸಿ, ಸಂದಿಗೆ ಮೆತ್ತನೆ ಹತ್ತಿ ಬಟ್ಟೆ ಇಡಿ. ಫಂಗಸ್ ಆಗಿದ್ದರೆ ಡಾಕ್ಟರ್ ಕೊಟ್ಟ ಮುಲಾಮೇ ಬೇಕು. ಪ್ರತಿಸಲ ಫೋಟೊ ತೆಗೆದು ಚೀಟಿಗಳ ಜೊತೆ ಇಟ್ಟುಕೊಳ್ಳಿ. ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಚರ್ಮ ತೆಗೆಸುವ ಆಪರೇಷನ್ನನ್ನು ಸೌಂದರ್ಯದ ಖಾತೆಗೆ ತಳ್ಳುತ್ತಾರೆ. ವಾದಿಸಲು ದಾಖಲೆ ಬೇಕು.

ಉತ್ತರ 3:
ತೂಕ ಏರಿದ್ದರ ಬಗ್ಗೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದಿದೆ. ಅಲ್ಲಿ ಬೈಪಾಸ್ ಆದವರ ತೂಕ ಮೊದಲು ಸರಾಸರಿ 32% ಇಳಿದಿತ್ತು, 10 ವರ್ಷದ ಹೊತ್ತಿಗೆ ಆ ಇಳಿಕೆ 25%ಕ್ಕೆ ನಿಂತಿತ್ತು. ಅಂದರೆ ಸ್ವಲ್ಪ ವಾಪಸ್ ಬರುವುದು ಲೆಕ್ಕದೊಳಗಿನದೇ, ನೀವು ಸೋತಿರಿ ಅಂತಲ್ಲ. ಆದರೆ ತಿಂಗಳು ತಿಂಗಳೂ ಏರುತ್ತಲೇ ಹೋದರೆ ಮುಚ್ಚಿಡದೆ ಸರ್ಜನ್ ಹತ್ತಿರ ಹೋಗಿ. ಎಷ್ಟೋ ಜನ ನಾಚಿಕೆಗೆ ಫಾಲೋಅಪ್ಪನ್ನೇ ತಪ್ಪಿಸುತ್ತಾರೆ, ನನಗೆ ಅದು ಅರ್ಥವೇ ಆಗುವುದಿಲ್ಲ. ದಿನವಿಡೀ ಸಿಹಿ ಪಾನೀಯ ಗುಟುಕರಿಸುವುದು, ಕೈಗೆ ಸಿಕ್ಕಿದ್ದು ಬಾಯಾಡಿಸುವುದು, ಮದ್ಯ ಇವನ್ನೆಲ್ಲ ಸಣ್ಣ ಹೊಟ್ಟೆ ತಡೆಯುವುದಿಲ್ಲ.

ಉತ್ತರ 4:
ನಾನು ಬೇಡ ಅಂದವಳು. ಉದ್ದುದ್ದ ಹೊಲಿಗೆ, ಮತ್ತೆ ಅರಿವಳಿಕೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಭಾರ ಎತ್ತುವ ವ್ಯಾಯಾಮ ಹಿಡಿದೆ. ಚರ್ಮ ಬಿಗಿಯಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಭುಜ, ತೊಡೆಯ ಒಳಗೆ ಸ್ನಾಯು ತುಂಬಿಕೊಂಡು ಜೋಲು ಅಷ್ಟು ಎದ್ದು ಕಾಣುವುದಿಲ್ಲ. ಪ್ರೋಟೀನ್ ದಿನಕ್ಕೆ 60 ಗ್ರಾಮಿಗೆ ಕಡಿಮೆ ಮಾಡುವುದಿಲ್ಲ. ನಡೆಯುವಾಗ ಒತ್ತಿಹಿಡಿಯುವ ಬಿಗಿ ಒಳಉಡುಪು ಹಾಕುತ್ತೇನೆ, ಚರ್ಮ ಕುಲುಕುವುದಿಲ್ಲ, ಉಜ್ಜುವುದಿಲ್ಲ. ಕನ್ನಡಿ ಮುಂದೆ ಈಗಲೂ ಕೆಲವು ದಿನ ಬೇಸರವೇ. ‘ಮೊದಲೇ ಚೆನ್ನಾಗಿದ್ದೆ’ ಅನ್ನುವ ಸಂಬಂಧಿಕರಿಗೆ ನನ್ನ ಮಂಡಿನೋವು ಕಾಣುತ್ತಿರಲಿಲ್ಲ.

ಉತ್ತರ 1ರವರು ಮತ್ತೆ:
ಮೇಲಿನವರ ಮಾತು ತೋಳಿಗೆ ಒಪ್ಪುತ್ತೇನೆ. ತೊಡೆ ಮೇಲೆ ಬೀಳುವ ಹೊಟ್ಟೆಯ ಮಡಿಕೆಗೆ ಯಾವ ವ್ಯಾಯಾಮವೂ ನಡೆಯದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹುಣ್ಣು, ಉರಿ ಇಲ್ಲ. ಮುಂದಿನ ವರ್ಷ ಮಗುವಿನ ಯೋಚನೆ ಇದೆ, ಮೊದಲು ಹೊಟ್ಟೆ ಮಾಡಿಸಿಕೊಳ್ಳಲೇ?

ಉತ್ತರ 3ರವರು:
ಬೇಡ, ಮೊದಲು ಮಗು. ಬಸಿರಿನಲ್ಲಿ ಹೊಲಿದ ಸ್ನಾಯುವೂ ಚರ್ಮವೂ ಮತ್ತೆ ಹಿಗ್ಗುತ್ತವೆ, ಮಾಡಿಸಿದ್ದು ವ್ಯರ್ಥವಾಗಬಹುದು. ಬೇರಿಯಾಟ್ರಿಕ್ ಆದಮೇಲೆ ಬಸಿರಿಗೂ 12ರಿಂದ 18 ತಿಂಗಳು ಕಾಯಲು ಹೇಳುತ್ತಾರೆ, ನಿಮ್ಮದು ಹೆಚ್ಚುಕಡಿಮೆ ಆಗಿದೆ. ಸರ್ಜನ್, ಹೆರಿಗೆ ಡಾಕ್ಟರ್ ಇಬ್ಬರಿಗೂ ಈಗಲೇ ತಿಳಿಸಿ, ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸರಿಮಾಡಿಕೊಳ್ಳಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ಗಂಟೆಯಾದರೂ ಬಿಡಿ.