ಪದಚರ್ಚೆ: ‘ಸಪೋರ್ಟ್ ನಿಲ್ಲಿಸಿದೆ’ ಅನ್ನೋದಕ್ಕೆ ಪದ ಬೇಕು, ಸಂಜೆಯೊಳಗೆ

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಯ ನಾಲ್ಕು ಕಂಪ್ಯೂಟರ್‌ಗಳಲ್ಲಿ ಎರಡು ಇನ್ನೂ ವಿಂಡೋಸ್ 7. ಹಳೇ ಪ್ರಿಂಟರ್ ಅದರಲ್ಲಿ ಮಾತ್ರ ಮಾತು ಕೇಳುತ್ತದೆ, ಅದಕ್ಕೇ ಇಟ್ಟುಕೊಂಡಿದ್ದಾರೆ. ಪತ್ರ, ಲೆಕ್ಕ ಬರೆಯುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನ 25.2 ಬಂದಾಗ ವಿಂಡೋಸ್ 7, 8, 8.1 ಮೂರೂ ‘ಡೆಪ್ರಿಕೇಟೆಡ್’ ಅಂದರು. 25.8ರಲ್ಲಿ ತೆಗೆದೇಬಿಟ್ಟರು. ಹುಡುಗರು ಹೊಸದನ್ನು ಹಾಕಲು ಹೋಗಿ ಲೈಬ್ರರಿಯನ್ನು ಬೈಯುತ್ತಿದ್ದಾರೆ. ಗೋಡೆಗೆ ಚೀಟಿ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹೋದ ವಾರ ‘ವಿಂಡೋಸ್ 7ಕ್ಕೆ ಬೆಂಬಲ ಹಿಂಪಡೆಯಲಾಗಿದೆ’ ಅಂತ ಬರೆದು ಅಂಟಿಸಿದ್ದೆ. ಪೇಪರ್ ಓದಲು ಬರುವ ಹಿರಿಯರೊಬ್ಬರು ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಯಾವ ಪಕ್ಷದವರಮ್ಮ ವಾಪಸ್ ತಗೊಂಡಿದ್ದು?’ ಅಂತ ಕೇಳಿದರು. ಚೀಟಿ ಕಿತ್ತುಹಾಕಿದೆ.

ಎರಡು ಪದ ಬೇಕು. ‘ಡೆಪ್ರಿಕೇಟೆಡ್’ಗೆ, ಅಂದರೆ ‘ಈಗ ನಡೆಯುತ್ತೆ, ಮುಂದೆ ತೆಗೀತೀವಿ’ ಅನ್ನೋದಕ್ಕೆ ಒಂದು. ‘ತೆಗೆದಾಯಿತು’ ಅನ್ನೋದಕ್ಕೆ ಇನ್ನೊಂದು.

ಮೈಸೂರಿನಿಂದ:

‘ಬೆಂಬಲ’ ಮೊದಲು ಬಿಡಿ. ಬೆನ್ + ಬಲ. ಬೆನ್ನು ನಮ್ಮದು, ಬಲ ಸಂಸ್ಕೃತದ್ದು. ಅರಿಸಮಾಸ. ‘ಆಸರೆ’ ಅನ್ನಿ, ಅಚ್ಚಗನ್ನಡ.

ಧಾರವಾಡದಿಂದ:

ಅಲ್ರೀ ಸರ್, ಆಸರೆ ಎಲ್ಲಿಂದ ಬಂತು? ‘ಆಶ್ರಯ’ದ ತದ್ಭವ ಅದು. ‘ಬಲ’ದ ವಿಷಯಕ್ಕೆ ಬಂದರೆ, ಬಲಿ, ಬಲಿತ, ಬಲ್ಮೆ ಎಲ್ಲ ನಮ್ಮ ‘ಬಲ್’ ಬೇರಿನವು. ಸಂಸ್ಕೃತವೇ ಆ ಪದವನ್ನು ದ್ರಾವಿಡದಿಂದ ಕಡ ತಂದಿದೆ ಅನ್ನುವ ವಿದ್ವಾಂಸರಿದ್ದಾರೆ. ಹಂಗಾದರೆ ನಿಮ್ಮ ಅರಿಸಮಾಸ ಎಲ್ಲಿ ಉಳೀತು?

ಮೈಸೂರಿನಿಂದ:

ಅನ್ನುವವರು ಏನು ಬೇಕಾದರೂ ಅನ್ನಲಿ. ಆಸರೆ ಬೇಡವಾದರೆ ‘ಇಂಬು’ ಇದೆ. ‘ವಿಂಡೋಸ್ 7ಕ್ಕೆ ಇಂಬಿಲ್ಲ.’ ಮುಗೀತು.

ಧಾರವಾಡದಿಂದ:

ದಿಂಬಿಲ್ಲ ಅಂತ ಓದ್ಕೋತಾರೆ.

ಮಂಗಳೂರಿನಿಂದ:

ಮೊದಲನೆಯ ಪದವನ್ನು ಯಾರೂ ಮುಟ್ಟಲಿಲ್ಲ. ‘ಡೆಪ್ರಿಕೇಟ್’ನ ಲ್ಯಾಟಿನ್ ಮೂಲಕ್ಕೆ ‘ಇದು ಬರದಿರಲಪ್ಪಾ ಎಂದು ಬೇಡಿಕೊಳ್ಳು’ ಎಂಬ ಅರ್ಥ. ಯಾರೋ ಅದನ್ನು ‘ಅಸಮ್ಮತಿಸಲಾಗಿದೆ’ ಅಂತ ಮಾಡಿ ಮೆನುಗಳಲ್ಲಿ ಕೂರಿಸಿದ್ದಾರೆ. ವಿಂಡೋಸ್ 7 ಏನು ಮದುವೆ ಪ್ರಸ್ತಾಪವೇ, ಅಸಮ್ಮತಿಸಲು? ‘ಬೀಳ್ಕೊಡುಗೆ ಸಾಲಿನಲ್ಲಿದೆ’ ಅಂತ ನನ್ನ ಸಲಹೆ.

ಮೈಸೂರಿನಿಂದ:

ನಿವೃತ್ತಿ ಸಮಾರಂಭವೇ? ಬೇಡ.

ಬೆಂಗಳೂರಿನಿಂದ:

ನಾನು ಇದೇ ಕೆಲಸದಲ್ಲಿರೋನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಇಲ್ಲಿ ಬೆನ್ನೂ ಇಲ್ಲ, ಬಲವೂ ಇಲ್ಲ. ಸಪೋರ್ಟ್ ನಿಲ್ಲಿಸೋದು ಅಂದ್ರೆ ‘ಇದರ ಮೇಲೆ ಓಡಿಸಿ ನೋಡೋದನ್ನ ಬಿಟ್ಟಿದ್ದೀವಿ’ ಅಂತ. ಹಳೇ 25.2 ಆ ಕಂಪ್ಯೂಟರಿನಲ್ಲಿ ನಾಳೆಯೂ ತೆರೆದುಕೊಳ್ಳುತ್ತೆ. ಹೊಸದು ಕೂರೋದಿಲ್ಲ, ಸುರಕ್ಷತೆಯಲ್ಲಿ ತೂತು ಸಿಕ್ಕರೆ ಮುಚ್ಚಿಕೊಡೋರು ಇರೋದಿಲ್ಲ, ಅಷ್ಟೆ. ಸಿಟ್ಟಿಗೆ ಯಾರೂ ಬಿಡೋದಿಲ್ಲ. ನಾವು ಯಾವುದರ ಮೇಲೆ ಕಟ್ಟಿರ್ತೀವೋ ಅದೇ ಮೊದಲು ಕಾಲು ತೆಗೆದಿರುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 3.9 ಬಂದದ್ದು 2020ರಲ್ಲಿ. ಆಗಲೇ ಅದು ವಿಂಡೋಸ್ 7ರಲ್ಲಿ ಕೂರುತ್ತಿರಲಿಲ್ಲ. ಅದನ್ನು ನಂಬಿದವರು ಏನು ಮಾಡಬೇಕು?

ಹಾಗಾಗಿ ‘ಕೈಬಿಟ್ಟಿದ್ದಾರೆ’ ಅನ್ನಬೇಡಿ. ದೇವರು ಕೈಬಿಟ್ಟ ಅನ್ನೋ ಧಾಟಿ ಬರುತ್ತೆ. ಸಂಬಳ ಇಲ್ಲದೆ ಮಾಡೋರೂ ಇದರಲ್ಲಿ ಇದ್ದಾರೆ, ಪಾಪ. ಇನ್ನೊಂದು, ಎರಡು ಪದ ಸಾಲದು, ಮೂರು ಬೇಕು. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಫೈರ್‌ಫಾಕ್ಸ್ ಬ್ರೌಸರ್ 115. 2023ರ ಜುಲೈನಲ್ಲಿ ಬಂತು. ಹೊಸ ಸೌಲಭ್ಯ ಅಲ್ಲಿಗೇ ನಿಂತರೂ ಅದರ ದೀರ್ಘಾವಧಿ ಆವೃತ್ತಿಗೆ ಆಮೇಲೂ ತೇಪೆ ಹಾಕುತ್ತಾ ಬಂದರು. ಇದನ್ನ ‘ತೇಪೆ ಮಾತ್ರ’ ಅನ್ನೋಣ. ‘ಪ್ಯಾಚ್’ಗೆ ಇಷ್ಟು ಒಳ್ಳೇ ಪದ ಇಟ್ಕೊಂಡು ನಾವು ಬಳಸೋದೇ ಇಲ್ಲ ನೋಡಿ.

ಮಂಗಳೂರಿನಿಂದ:

ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹುಟ್ಟಿದ್ದೇ ಇಂಟೆಲ್‌ನ 386ರ ಮೇಲೆ, 1991ರಲ್ಲಿ. 2012ರ ಡಿಸೆಂಬರಿನಲ್ಲಿ ಆ 386ನ್ನೇ ತೆಗೆದುಹಾಕಿದರು. ಹೆತ್ತ ತಾಯಿಯನ್ನು ಮನೆಯಿಂದ ಕಳಿಸಿದ ಹಾಗೆ. ಅದಕ್ಕೆ ‘ಕೈಬಿಡು’ ಸರಿಯಾಗೇ ಇದೆ.

ಬೆಂಗಳೂರಿನಿಂದ:

386 ಚಿಪ್ ಸರ್, ಆಪರೇಟಿಂಗ್ ಸಿಸ್ಟಂ ಅಲ್ಲ.

ಧಾರವಾಡದಿಂದ:

‘ರದ್ದು’ ಅಂದರೆ ಏನು ತೊಂದರೆ? ಬಸ್ಸು ರದ್ದು, ರೈಲು ರದ್ದು, ವಿಂಡೋಸ್ 7 ರದ್ದು. ಎಲ್ಲರಿಗೂ ತಿಳಿಯುತ್ತದೆ.

ಮೈಸೂರಿನಿಂದ:

ಅರಬ್ಬಿ ಪದ.

ಧಾರವಾಡದಿಂದ:

ಹೌದು, ಅರಬ್ಬಿ. ‘ಅರ್ಜಿ’ಯೂ ಅರಬ್ಬಿ. ನಮ್ಮ ಕಡೆ ಬಾಗಿಲು ತೆಗೆಯುವ ‘ಚಾವಿ’ ಪೋರ್ಚುಗೀಸರದು. ನೀವು ಅರ್ಜಿ ಬರೆಯುವುದಿಲ್ಲೇನು? ಮನೆ ಕಟ್ಟುವಾಗ ಕಲ್ಲು ಯಾವ ಕ್ವಾರಿಯದು ಅಂತ ಕೇಳಿ ಕಟ್ಟೋದು ನಿಲ್ಲಿಸ್ತೀರೇನು?

ಮೈಸೂರಿನಿಂದ:

‘ಬಿನ್ನಹ’ ಬರೆಯುತ್ತೇನೆ.

ಧಾರವಾಡದಿಂದ:

ಅದೂ ‘ವಿಜ್ಞಾಪನೆ’ಯ ಮಗ. ನಮಸ್ಕಾರ.

ತುಮಕೂರಿನಿಂದ:

ಐದು ಗಂಟೆಗೆ ಲೈಬ್ರರಿ ಮುಚ್ಚುತ್ತಾರೆ, ಕಾಯಲು ಆಗಲಿಲ್ಲ. ಬೆಂಗಳೂರಿನವರ ಮಾತು ಹಿಡಿದು ಬರೆದೆ. ‘ಈ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ 25.2ರವರೆಗಿನ ಆವೃತ್ತಿ ಮಾತ್ರ ನಡೆಯುತ್ತದೆ. ಹೊಸದನ್ನು ಹಾಕಬೇಡಿ. ಇಂಟರ್‌ನೆಟ್ ಕೆಲಸಕ್ಕೆ ಪಕ್ಕದ ಕಂಪ್ಯೂಟರ್ ಬಳಸಿ.’ ಬೆಂಬಲವೂ ಇಲ್ಲ, ರದ್ದೂ ಇಲ್ಲ. ಇಂಬು ಚೆನ್ನಾಗಿತ್ತು ಸರ್, ಆದರೆ ಧೈರ್ಯ ಬರಲಿಲ್ಲ.

ಅದೇ ಹಿರಿಯರು ಮತ್ತೆ ನಿಂತು ಓದಿದರು. ‘ಎಲ್ಲ ತಿಳೀತಮ್ಮ, ಈ ಆವೃತ್ತಿ ಅಂದ್ರೆ ಏನು?’ ಅಂದರು.

ಮೈಸೂರಿನಿಂದ:

‘ಆವೃತ್ತಿ’ಯೂ ಸಂಸ್ಕೃತ. ನಾನು ಅದಕ್ಕೇ ಬರುವವನಿದ್ದೆ.