ಮೊಡವೆಗೆ ಊಟದಲ್ಲಿ ನಿಜವಾಗಿ ಏನನ್ನು ಬದಲಿಸಬೇಕು?

ಪ್ರಶ್ನೆ: ದಾವಣಗೆರೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿಯಲ್ಲಿ ಓದುತ್ತಿದ್ದಾನೆ. ಒಂದು ವರ್ಷದಿಂದ ಅವನ ಕೆನ್ನೆ, ಹಣೆ ಮತ್ತು ಬೆನ್ನಿನ ಮೇಲೆ ಮೊಡವೆಗಳು ಬಿಡುವಿಲ್ಲದೆ ಏಳುತ್ತಿವೆ. ಕೆಲವು ಕೀವು ತುಂಬಿ ಒಡೆದು, ಮಾಗಿದ ಮೇಲೂ ಕಪ್ಪು ಕಲೆ ಉಳಿಸುತ್ತಿವೆ. ಇದೆಲ್ಲ ನಂಜು ಎಂದು ನಮ್ಮ ಅತ್ತೆಯವರು ಬದನೆಕಾಯಿ, ಶೇಂಗಾ, ಮೊಟ್ಟೆ ಮೂರನ್ನೂ ನಿಲ್ಲಿಸಿದ್ದಾರೆ. ಎಣ್ಣೆಯನ್ನು ಸಂಪೂರ್ಣ ಬಿಡಿಸಿದರೆ ಮುಖದ ಜಿಡ್ಡು ತಾನಾಗಿಯೇ ಹೋಗುತ್ತದೆ ಎಂಬುದು ಪಕ್ಕದ ಮನೆಯವರ ಸಲಹೆ. ಇಷ್ಟೆಲ್ಲ ಪಥ್ಯ ಮಾಡಿದರೂ ಮೊಡವೆ ಕಡಿಮೆಯಾಗಿಲ್ಲ.

ಅವನ ದಿನದ ಆಹಾರ ಹೀಗಿದೆ. ಬೆಳಿಗ್ಗೆ ಕಾಲೇಜಿನ ಅವಸರದಲ್ಲಿ ಟೀ ಜೊತೆ ಬನ್ನು ಅಥವಾ ಬಿಸ್ಕತ್ತು, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ ಅಥವಾ ಪುಳಿಯೋಗರೆ, ಸಂಜೆ ಟ್ಯೂಷನ್‌ಗೆ ಹೋಗುವ ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಮತ್ತು ಒಂದು ತಂಪು ಪಾನೀಯ, ರಾತ್ರಿ ಅನ್ನ ಸಾರು. ಜಿಮ್‌ಗೆ ಸೇರಿದ ಮೇಲೆ ಹಾಲಿಗೆ ಪ್ರೋಟೀನ್ ಪುಡಿ ಕಲಸಿ ಕುಡಿಯುತ್ತಾನೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಒಂದು ಕ್ರೀಮನ್ನೂ ಆಗಾಗ ಹಚ್ಚುತ್ತಾನೆ.

ಸಿರಿಧಾನ್ಯ, ಸೊಪ್ಪು, ಕಾಳುಗಳಿಗೆ ಬದಲಾದರೆ ಚರ್ಮ ತಿಳಿಯಾಗುತ್ತದೆ ಎಂದು ಎಲ್ಲೆಡೆ ಓದುತ್ತೇನೆ. ಇದರಲ್ಲಿ ಎಷ್ಟು ನಿಜ, ನಾನು ನಿಜಕ್ಕೂ ಯಾವುದನ್ನು ನಿಲ್ಲಿಸಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಚರ್ಮರೋಗ ವೈದ್ಯೆ, ಶಿವಮೊಗ್ಗ

ನಮಸ್ಕಾರ. ನಿಮ್ಮ ಪತ್ರವನ್ನು ಓದಿದಾಗ, ನೀವು ನಿಲ್ಲಿಸಿರುವ ಪದಾರ್ಥಗಳಿಗಿಂತ ತಟ್ಟೆಯಲ್ಲಿ ಉಳಿದುಕೊಂಡಿರುವ ಪದಾರ್ಥಗಳೇ ನನ್ನ ಕಣ್ಣಿಗೆ ಮೊದಲು ಬಿದ್ದವು. ಬದನೆಕಾಯಿಯಿಂದಾಗಲಿ, ಶೇಂಗಾದಿಂದಾಗಲಿ, ಮೊಟ್ಟೆಯಿಂದಾಗಲಿ ಮೊಡವೆ ಏಳುತ್ತದೆ ಎನ್ನುವುದಕ್ಕೆ ಒಳ್ಳೆಯ ಆಧಾರವಿಲ್ಲ. ಆದರೆ ಬನ್ನು, ಬಿಸ್ಕತ್ತು, ಮಂಡಕ್ಕಿ, ತಂಪು ಪಾನೀಯ, ಕಾಳು ತರಕಾರಿಗಳಿಲ್ಲದ ಬರಿಯ ಬಿಳಿ ಅನ್ನ, ಇವೇ ದಿನದುದ್ದಕ್ಕೂ ಹೊಟ್ಟೆ ತುಂಬಿಸುತ್ತಿದ್ದರೆ ಅದು ಚರ್ಮದ ಮೇಲೆ ಪರಿಣಾಮ ಬೀರುತ್ತದೆ ಎಂದು ನಂಬಲು ಕಾರಣಗಳಿವೆ.

ಹದಿಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಕೂದಲಿನ ಬುಡದ ರಂಧ್ರದಲ್ಲಿ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚಿದಾಗ, ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಉಂಟಾಗುತ್ತದೆ. ಬೇಗನೆ ಜೀರ್ಣವಾಗುವ ಪಿಷ್ಟ ಮತ್ತು ಸಕ್ಕರೆ ರಕ್ತದ ಗ್ಲೂಕೋಸನ್ನು ಒಮ್ಮೆಗೇ ಏರಿಸಿದರೆ ಇನ್ಸುಲಿನ್ ಸಹ ಏರುತ್ತದೆ, ಅದರೊಂದಿಗೆ ಐಜಿಎಫ್-1 ಎಂಬ ಬೆಳವಣಿಗೆಯ ಅಂಶದ ಚಟುವಟಿಕೆಯೂ ಹೆಚ್ಚುತ್ತದೆ. ಇವೆರಡೂ ತೈಲಗ್ರಂಥಿಗಳನ್ನು ಮತ್ತಷ್ಟು ಕೆರಳಿಸುತ್ತವೆ. ಅಂದರೆ ಮುಖದ ಜಿಡ್ಡು ಊಟದ ಎಣ್ಣೆಯಿಂದ ನೇರವಾಗಿ ಹೊರಬರುವುದಲ್ಲ. ಅಡುಗೆಯ ಎಣ್ಣೆಯನ್ನು ಪೂರ್ತಿ ಬಿಡಿಸಿ ಅದರ ಜಾಗಕ್ಕೆ ಬನ್ನು ಬಿಸ್ಕತ್ತು ಬಂದರೆ ಪರಿಸ್ಥಿತಿ ಸುಧಾರಿಸುವುದಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 15ರಿಂದ 25 ವರ್ಷದ 43 ಮಂದಿ ಯುವಕರ ಪೈಕಿ ಒಂದು ಗುಂಪಿಗೆ 12 ವಾರಗಳ ಕಾಲ ಪ್ರೋಟೀನ್ ಹೆಚ್ಚಿರುವ, ಗ್ಲೂಕೋಸನ್ನು ನಿಧಾನವಾಗಿ ಏರಿಸುವ ಆಹಾರವನ್ನು ಕೊಡಲಾಯಿತು. ಆ ಗುಂಪಿನವರಲ್ಲಿ ಮೊಡವೆಗಳ ಸಂಖ್ಯೆ ಸರಾಸರಿ 23ಕ್ಕಿಂತ ಹೆಚ್ಚು ಇಳಿಯಿತು. ಎಂದಿನ ಊಟವನ್ನೇ ಮುಂದುವರಿಸಿದವರಲ್ಲಿ ಸುಮಾರು 12 ಇಳಿಯಿತು. ಆಹಾರ ಬದಲಿಸಿದವರ ತೂಕವೂ ಕಡಿಮೆಯಾಗಿದ್ದರಿಂದ ಫಲದಲ್ಲಿ ಅದರ ಪಾಲೂ ಇರಬಹುದು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ 1,200 ಜನರನ್ನು ಪರೀಕ್ಷಿಸಿದಾಗ ಒಬ್ಬರಲ್ಲಿಯೂ ಮೊಡವೆ ಕಾಣಲಿಲ್ಲವೆಂದು 2002ರಲ್ಲಿ ವರದಿಯಾಯಿತು. ಗೆಡ್ಡೆ ಗೆಣಸು, ಹಣ್ಣು, ಮೀನು ಮತ್ತು ತೆಂಗಿನಕಾಯಿ ಅವರ ಮುಖ್ಯ ಆಹಾರ. ಅವರು ಪಿಷ್ಟವನ್ನೂ ತೆಂಗಿನ ಕೊಬ್ಬನ್ನೂ ಧಾರಾಳವಾಗಿ ತಿನ್ನುವವರು. ಅವರ ಊಟದಲ್ಲಿ ಬಹುಮಟ್ಟಿಗೆ ಇಲ್ಲದಿದ್ದದ್ದು ಮೈದಾ, ಸಕ್ಕರೆ ಮತ್ತು ಕಾರ್ಖಾನೆಯ ತಿಂಡಿ. ಅವರ ಬದುಕಿನ ಉಳಿದ ವಿಷಯಗಳೂ ನಮ್ಮದಕ್ಕಿಂತ ಬೇರೆಯಾಗಿರುವುದರಿಂದ ಇದೊಂದನ್ನೇ ಪುರಾವೆ ಎನ್ನಲಾಗದು, ಆದರೂ ಕಡೆಗಣಿಸುವಂಥದ್ದಲ್ಲ.

ಪ್ರೋಟೀನ್ ಪುಡಿಯನ್ನು ಮಾತ್ರ ನಾನು ಇಂದೇ ನಿಲ್ಲಿಸಿ ನೋಡಲು ಹೇಳುತ್ತೇನೆ. ಜಿಮ್‌ನಲ್ಲಿ ಕುಡಿಯುವ ಪುಡಿಗಳಲ್ಲಿ ಹೆಚ್ಚಿನವು ಹಾಲೊಡಕಿನಿಂದ ತಯಾರಾದ ವೇ ಪ್ರೋಟೀನ್. ಅದು ಇನ್ಸುಲಿನ್ನನ್ನು ಚೆನ್ನಾಗಿ ಏರಿಸುತ್ತದೆ, ಮತ್ತು ಅದನ್ನು ಆರಂಭಿಸಿದ ಮೇಲೆ ಯುವಕರಲ್ಲಿ ಮೊಡವೆ ಉಲ್ಬಣಿಸಿ, ಬಿಟ್ಟ ಮೇಲೆ ತಗ್ಗಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೊಟ್ಟೆಯನ್ನು ಬಿಡಿಸಿ ಪುಡಿಯನ್ನು ಉಳಿಸಿಕೊಂಡಿರುವುದು ಉಲ್ಟಾ ಆಗಿದೆ. ಮೊಟ್ಟೆಯನ್ನು ಮತ್ತೆ ಕೊಡಿ.

ಆಹಾರದಿಂದ ಆಗುವ ಬದಲಾವಣೆ ನಿಧಾನದ್ದು, ಮತ್ತು ಅದು ಎಲ್ಲರಲ್ಲಿಯೂ ಒಂದೇ ತೆರನಾಗಿ ಆಗುವುದಿಲ್ಲ. ಕೀವು ತುಂಬಿ ಕಲೆ ಉಳಿಸುವ ಮೊಡವೆಗೆ ಔಷಧ ಬೇಕೇ ಬೇಕು. ಊಟ ಸರಿಹೋಗಲಿ ಎಂದು ತಿಂಗಳುಗಟ್ಟಲೆ ಕಾದರೆ ಆಗ ಉಂಟಾಗುವ ಗುಳಿಗಳು ಮತ್ತೆ ತುಂಬುವುದು ಕಷ್ಟ.

ಉತ್ತರ: ನಿವೃತ್ತ ಗೃಹವಿಜ್ಞಾನ ಶಿಕ್ಷಕಿ, ವಿಜಯಪುರ

ಡಾಕ್ಟರ್ ಅವರು ಬರೆದದ್ದಕ್ಕೆ ಪೂರಕವಾಗಿ, ಶೇಂಗಾ ಮತ್ತು ಎಣ್ಣೆಯ ಪರವಾಗಿ ಎರಡು ಮಾತು ಹೇಳಲೇಬೇಕು.

ಧಾನ್ಯವನ್ನು ಹೊಟ್ಟು ತೆಗೆಯದೆ ತಿಂದರೆ ಸಾಕು, ಚರ್ಮಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ ಎಂಬ ಭಾವನೆ ಇತ್ತೀಚೆಗೆ ಬಲವಾಗಿದೆ. ಜೋಳ ತಿನ್ನುವ ನಮ್ಮ ಕಡೆಯವರು ಇದನ್ನು ಎಚ್ಚರಿಕೆಯಿಂದ ನೋಡಬೇಕು. ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ಪೋಷಣಾ ವಿಜ್ಞಾನಿಗಳು ಜೋಳವನ್ನೇ ನೆಚ್ಚಿಕೊಂಡಿದ್ದ ಬಡವರಲ್ಲಿ ಪೆಲಾಗ್ರಾ ಕಾಯಿಲೆಯನ್ನು ಕಂಡು 1960ರಲ್ಲಿ ಅದರ ಬಗ್ಗೆ ಬರೆದರು. ಪೆಲಾಗ್ರಾ ಬಂದವರ ಕೈ, ಪಾದ ಮತ್ತು ಕುತ್ತಿಗೆಯ ಸುತ್ತ, ಅಂದರೆ ಬಿಸಿಲು ತಾಗುವ ಕಡೆಯಲ್ಲೆಲ್ಲ, ಚರ್ಮ ಕಪ್ಪಾಗಿ ಒರಟಾಗಿ ಸುಲಿಯುತ್ತದೆ. ಮುಂದೆ ಭೇದಿಯೂ ಮಾನಸಿಕ ತೊಂದರೆಯೂ ಕಾಣಿಸಿಕೊಳ್ಳುತ್ತವೆ. ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆ ಅದರ ಮೂಲ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಈ ಕೊರತೆಗೆ ಇಂಬು ಕೊಡುತ್ತದೆ ಎಂಬುದು ಅವರ ವಾದವಾಗಿತ್ತು, ಅದರ ಬಗ್ಗೆ ಮುಂದೆ ಬಹಳ ಚರ್ಚೆ ನಡೆಯಿತು. ಜೋಳ ಪೂರ್ಣಧಾನ್ಯವೇ ಆಗಿದ್ದರೂ ಅದೊಂದೇ ತಟ್ಟೆಯಲ್ಲಿದ್ದಾಗ ಚರ್ಮವನ್ನು ಕಾಪಾಡಲಿಲ್ಲ.

ನಮ್ಮ ಊಟದಲ್ಲಿ ರೊಟ್ಟಿಯ ಪಕ್ಕಕ್ಕೆ ಬರುವ ಶೇಂಗಾ ಚಟ್ನಿಪುಡಿಯ ಬೆಲೆ ಇಲ್ಲಿ ತಿಳಿಯುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ; ನಾವು ದಿನನಿತ್ಯ ತಿನ್ನುವ ಸಸ್ಯಾಹಾರಗಳಲ್ಲಿ ಅಷ್ಟು ಕೊಡುವವು ಬಹಳಿಲ್ಲ. ಅದನ್ನು ನಂಜು ಎಂದು ಬಿಡಿಸಿರುವುದನ್ನು ಓದಿ ನನಗೆ ನೋವಾಯಿತು. ಶೇಂಗಾ ಅಲರ್ಜಿ ಇರುವವರ ಮಾತು ಬೇರೆ. ಅವರಲ್ಲಿ ಅದು ತಿಂದ ಸ್ವಲ್ಪ ಹೊತ್ತಿನಲ್ಲೇ ದದ್ದು, ಊತ, ಉಬ್ಬಸಗಳಾಗಿ ಕಾಣಿಸಿಕೊಳ್ಳುತ್ತದೆ, ಮೊಡವೆಯಾಗಿ ಅಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ, ಕೆಲವು ಮಕ್ಕಳ ಮೊಣಕೈ ಮತ್ತು ಮೊಣಕಾಲಿನ ಮೇಲೆ ಮುಳ್ಳುಮುಳ್ಳಾದ ಗುಳ್ಳೆಗಳಿರುವುದನ್ನು ನೀವು ನೋಡಿರಬಹುದು. ಕೈಯಾಡಿಸಿದರೆ ಅಂಗೈಗೆ ಚುಚ್ಚುತ್ತವೆ. ಇದನ್ನು ಫ್ರೈನೋಡರ್ಮಾ ಎನ್ನುತ್ತಾರೆ. 1933ರಲ್ಲಿ ನಿಕೋಲ್ಸ್ ಎಂಬ ವೈದ್ಯರು ಈ ಹೆಸರಿನಿಂದ ಇದನ್ನು ವಿವರಿಸಿದರು. ಎ ಜೀವಸತ್ವ, ಬಿ ಜೀವಸತ್ವಗಳು ಮತ್ತು ಅಗತ್ಯ ಕೊಬ್ಬಿನಾಮ್ಲಗಳ ಕೊರತೆಯೊಂದಿಗೆ ಇದಕ್ಕೆ ಸಂಬಂಧವಿದೆ. ಕೊಬ್ಬಿನ ಅಂಶವಿಲ್ಲದೆ, ದೇಹದಲ್ಲಿ ಎ ಜೀವಸತ್ವವಾಗಿ ಬದಲಾಗುವ ಸೊಪ್ಪಿನ ಬೀಟಾ ಕ್ಯಾರೊಟೀನ್ ಮೈಗೆ ಹತ್ತುವುದೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ನುಗ್ಗೆಸೊಪ್ಪಿನ ಪಲ್ಯಕ್ಕೆ ಹಾಕುವ ಒಂದು ಚಮಚ ಒಗ್ಗರಣೆ ಎಣ್ಣೆಯನ್ನು ದಂಡ ಎಂದು ತಿಳಿಯಬೇಡಿ. ಅಗಸಿ ಚಟ್ನಿಪುಡಿಯನ್ನೂ ಮಾಡಿಡಿ. ಅಗಸಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ವರ್ಗದ ಅಗತ್ಯ ಕೊಬ್ಬಿನಾಮ್ಲವೇ ಆಗಿರುತ್ತದೆ.

ಸಿರಿಧಾನ್ಯದ ಬಗ್ಗೆಯೂ ಕೇಳಿದ್ದೀರಿ. ನವಣೆ, ಸಾಮೆಗಳನ್ನು ಇಡಿಯಾಗಿ ಬೇಯಿಸಿ ಕಾಳಿನ ಸಾರಿನೊಂದಿಗೆ ಉಣ್ಣುವುದು ಒಂದು. ಅದನ್ನೇ ನುಣ್ಣಗೆ ಹಿಟ್ಟು ಮಾಡಿ, ಗಂಜಿ ಕಾಯಿಸಿ, ಬೆಲ್ಲ ಸುರಿದು ಕುಡಿಯುವುದು ಇನ್ನೊಂದು. ನುಣುಪಾದಷ್ಟೂ ಅದು ಬೇಗ ಸಕ್ಕರೆಯಾಗುತ್ತದೆ. ಪೊಟ್ಟಣದಲ್ಲಿ ಬರುವ ಸಿರಿಧಾನ್ಯದ ಬಿಸ್ಕತ್ತು ಕೊನೆಗೂ ಬಿಸ್ಕತ್ತೇ.

ಉತ್ತರ: ಕುಂದಾಪುರದ ಓದುಗ

ನಂಜಿನ ಪಟ್ಟಿ ಎಷ್ಟು ಉದ್ದವಾಗಬಹುದು ಎಂಬುದನ್ನು ನಮ್ಮ ಬಂಧುಗಳ ಮನೆಯಲ್ಲಿ ಹತ್ತಿರದಿಂದ ಕಂಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ. ಅವರ ಮೂರು ವರ್ಷದ ಮಗುವಿಗೆ ಮೊಣಕೈ ಮಡಿಕೆಯಲ್ಲಿ ಇಸುಬು (ಎಕ್ಸಿಮಾ) ಕಾಣಿಸಿಕೊಂಡಾಗ, ಯಾವ ಪರೀಕ್ಷೆಯನ್ನೂ ಮಾಡಿಸದೆ ಮೊದಲು ಸಿಗಡಿ ಮತ್ತು ಒಣಮೀನು, ಆಮೇಲೆ ಎಲ್ಲ ಬಗೆಯ ಮೀನು, ಆಮೇಲೆ ಮೊಟ್ಟೆ, ಕೊನೆಗೆ ಹಾಲನ್ನೂ ನಿಲ್ಲಿಸಿದರು. ಇಸುಬು ಹಾಗೆಯೇ ಇತ್ತು, ಮಗುವಿನ ತೂಕ ಮಾತ್ರ ಇಳಿಯಿತು. ಮಕ್ಕಳ ವೈದ್ಯರು ಆಹಾರವನ್ನೆಲ್ಲ ಒಂದೊಂದಾಗಿ ಮರಳಿ ಕೊಡಿಸಿ, ಸ್ನಾನವಾದ ಕೂಡಲೇ ಮೈ ಒದ್ದೆಯಿರುವಾಗಲೇ ತೇವ ಉಳಿಸುವ ಮುಲಾಮು ಹಚ್ಚಲು ತಿಳಿಸಿದ ಮೇಲೆ ತುರಿಕೆ ಹತೋಟಿಗೆ ಬಂತು.

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತೂ ನಮ್ಮಲ್ಲಿ ಬಲವಾಗಿದೆ. ತೊನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಬಣ್ಣದ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವ ಕಾಯಿಲೆ. ಬೂತಾಯಿ ಸಾರಿಗೂ ಹಾಲಿಗೂ ಅದರಲ್ಲಿ ಪಾತ್ರವಿಲ್ಲ.

ಮರುಪ್ರಶ್ನೆ: ದಾವಣಗೆರೆಯ ತಾಯಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಶೇಂಗಾ ಚಟ್ನಿಯ ವಿಷಯವನ್ನು ಅತ್ತೆಯವರಿಗೆ ಓದಿ ಹೇಳಿದೆ, ಒಪ್ಪಿದ್ದಾರೆ. ಇನ್ನೂ ಎರಡು ಸಂದೇಹಗಳಿವೆ. ಪ್ರೋಟೀನ್ ಪುಡಿಯ ಜೊತೆಗೆ ಹಾಲು, ಮೊಸರನ್ನೂ ಬಿಡಿಸಬೇಕೆ? ಎರಡನೆಯದಾಗಿ, ಮಗನ ಕುತ್ತಿಗೆಯ ಹಿಂಭಾಗ ಈಚೆಗೆ ಕಪ್ಪಾಗಿದೆ. ಕೊಳೆ ಎಂದುಕೊಂಡು ಸ್ನಾನದ ಕಲ್ಲಿನಿಂದ ಉಜ್ಜುತ್ತೇವೆ, ಕಡಲೆಹಿಟ್ಟು ನಿಂಬೆರಸ ಹಚ್ಚಿದ್ದೇವೆ, ಹೋಗುತ್ತಿಲ್ಲ. ಅವನ ತೂಕವೂ ಸ್ವಲ್ಪ ಹೆಚ್ಚಾಗಿದೆ. ಇದಕ್ಕೂ ಊಟಕ್ಕೂ ಸಂಬಂಧವಿದೆಯೆ?

ಉತ್ತರ: ಚರ್ಮರೋಗ ವೈದ್ಯೆ, ಶಿವಮೊಗ್ಗ

ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದ್ದರಿಂದ ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕುತ್ತಿಗೆಯ ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಚರ್ಮ ದಪ್ಪಗಾಗಿ ಮಖಮಲ್ಲಿನಂತೆ ಹತ್ತಿದರೆ, ಕಂಕುಳಲ್ಲಿಯೂ ಅದೇ ಕಪ್ಪು ಇದ್ದರೆ, ಅದು ಕೊಳೆಯಲ್ಲ. ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಎಂದು ಕರೆಯುವ ಈ ಬದಲಾವಣೆ ನಮ್ಮಲ್ಲಿ ಬಹುತೇಕ ಇನ್ಸುಲಿನ್ ಪ್ರತಿರೋಧದಿಂದ ಬರುತ್ತದೆ. ದೇಹದ ಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ, ಹಾಗೆ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೇಗಬೇಗನೆ ಬೆಳೆಸುತ್ತದೆ. ಮೊಡವೆಯನ್ನು ಕೆರಳಿಸುವ ದಾರಿಯೂ ಇದೇ ಎಂಬುದನ್ನು ಗಮನಿಸಿ. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವಿದೆ ಎಂದು ಚರ್ಮ ಮುಂಚಿತವಾಗಿಯೇ ತಿಳಿಸುತ್ತಿರಬಹುದು. ಖಾಲಿ ಹೊಟ್ಟೆಯ ರಕ್ತದ ಸಕ್ಕರೆ ಮತ್ತು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ) ಪರೀಕ್ಷೆಗಳನ್ನು ಮಾಡಿಸಿ. ಕಲ್ಲಿನಿಂದ ಉಜ್ಜುವುದನ್ನು ಇಂದಿನಿಂದಲೇ ನಿಲ್ಲಿಸಿ, ಉಜ್ಜಿದಷ್ಟೂ ಅದು ಇನ್ನೂ ದಪ್ಪವಾಗಿ ಕಪ್ಪಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆಗಳೂ ಬೀಳಬಹುದು. ತೂಕ ಇಳಿದು ಇನ್ಸುಲಿನ್ ತಗ್ಗಿದಾಗ ಕಪ್ಪು ತಾನಾಗಿಯೇ ತಿಳಿಯಾಗುತ್ತಾ ಬರುತ್ತದೆ. ಸ್ವಚ್ಛವಾಗಿಲ್ಲ ಎಂದು ದಯವಿಟ್ಟು ಹುಡುಗನನ್ನು ಗದರಿಸಬೇಡಿ.

ಹಾಲಿನ ವಿಷಯ ಇಷ್ಟು ಸ್ಪಷ್ಟವಾಗಿಲ್ಲ. ಅಮೆರಿಕದಲ್ಲಿ ಸುಮಾರು 47,000 ನರ್ಸ್‌ಗಳನ್ನು ಕುರಿತ 2005ರ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಹೆಚ್ಚು ಹಾಲು, ಅದರಲ್ಲೂ ಕೆನೆ ತೆಗೆದ ಹಾಲು ಕುಡಿದಿದ್ದೆವು ಎಂದವರಲ್ಲಿ ಮೊಡವೆಯೂ ಹೆಚ್ಚಿತ್ತು. ಆದರೆ ಅದು ವರ್ಷಗಳ ಹಿಂದಿನ ಊಟವನ್ನು ನೆನಪಿನಿಂದ ಬರೆಸಿಕೊಂಡ ಅಧ್ಯಯನ. ಮೊಸರು, ಮಜ್ಜಿಗೆಯನ್ನು ಬಿಡಿಸುವಂತಹ ಕಾರಣ ನನಗೆ ಕಾಣುವುದಿಲ್ಲ. ಬೇಕಿದ್ದರೆ ಕುಡಿಯುವ ಹಾಲನ್ನು ಮೂರು ತಿಂಗಳು ನಿಲ್ಲಿಸಿ, ವ್ಯತ್ಯಾಸ ಕಾಣದಿದ್ದರೆ ಮರಳಿ ಕೊಡಿ.

ಬೆಳಿಗ್ಗೆ ಬನ್ನಿನ ಬದಲು ಪೆಸರಟ್ಟು ಅಥವಾ ಮೊಟ್ಟೆ, ಡಬ್ಬಿಯಲ್ಲಿ ಅನ್ನವನ್ನು ಅರ್ಧಕ್ಕಿಳಿಸಿ ಹುರುಳಿ ಅಥವಾ ಹೆಸರುಕಾಳಿನ ಉಸಲಿ, ಸಂಜೆ ಒಂದು ಸೀಬೆಹಣ್ಣು, ಇಷ್ಟರಿಂದ ಆರಂಭಿಸಬಹುದು. ಚರ್ಮಕ್ಕೆ ಬಲ ಕೊಡುವ ಕೊಲ್ಲಾಜೆನ್ ಎಂಬ ಪ್ರೋಟೀನನ್ನು ಕಟ್ಟಲು ಬೇಕಾದ ಸಿ ಜೀವಸತ್ವ ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಇದೆ. ಗೆಳೆಯರೊಂದಿಗೆ ಅಪರೂಪಕ್ಕೊಮ್ಮೆ ಮಂಡಕ್ಕಿ ಮಿರ್ಚಿ ತಿಂದರೆ ಏನೂ ಆಗುವುದಿಲ್ಲ, ತಂಪು ಪಾನೀಯವನ್ನು ಮಾತ್ರ ಪೂರ್ತಿ ಬಿಡಲಿ.

ಬೆನ್ನಿನ ಮೇಲೂ ಮೊಡವೆಗಳಿದ್ದು ಕಲೆಗಳು ಉಳಿಯುತ್ತಿರುವುದರಿಂದ ಈ ವಾರದಲ್ಲೇ ಚರ್ಮರೋಗ ತಜ್ಞರಿಗೆ ತೋರಿಸಿ. ಅಂಗಡಿಯಲ್ಲಿ ಕೇಳಿ ತಂದ ಕ್ರೀಮಿನ ಟ್ಯೂಬನ್ನೂ ಪ್ರೋಟೀನ್ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಹಾಗೆ ಸಿಗುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಮೊದಲು ಮುಖವನ್ನು ತಿಳಿಯಾಗಿಸಿದಂತೆ ತೋರಿ ಆಮೇಲೆ ತಾನೇ ಮೊಡವೆ ಎಬ್ಬಿಸುತ್ತದೆ. ಹಾಗಿದ್ದಲ್ಲಿ ಅದನ್ನು ಹೇಗೆ ನಿಲ್ಲಿಸಬೇಕು ಎಂಬುದನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ.