ನ್ಯೂಕ್ಲಿಯರ್ ಕ್ಲಾಕ್‌ಗೆ ಕನ್ನಡದಲ್ಲಿ ಏನು? (ಫ್ಲೆಕ್ಸ್ ಸಂಜೆ ಪ್ರಿಂಟಿಗೆ)

ಬೆಳಗಾವಿಯಿಂದ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಬರೆಯುತ್ತಿದ್ದೇನೆ. ಸಂಜೆಯೊಳಗೆ ಕೊಡಬೇಕು. ಎರಡು ಪದ ಬೇಕಿದೆ.

ಸೀಸಿಯಂ ಗಡಿಯಾರಕ್ಕೆ ಪತ್ರಿಕೆಗಳು ‘ಅಣು ಗಡಿಯಾರ’ ಅಂತ ಬರೆದು ಮುಗಿಸಿವೆ. ಅದು ನಡೆಯುವುದು ಎಲೆಕ್ಟ್ರಾನಿನ ಮೇಲೆ. ಅದರ ಅಲೆ 9,19,26,31,770 ಸಲ ಬಡಿದರೆ ಒಂದು ಸೆಕೆಂಡ್. ಹೊಸದರಲ್ಲಿ ಥೋರಿಯಂ-229ರ ನ್ಯೂಕ್ಲಿಯಸ್ಸನ್ನೇ, ಅಂದರೆ ಪರಮಾಣುವಿನ ನಟ್ಟನಡುವಿನ ಭಾಗವನ್ನೇ, ಲೇಸರಿನಿಂದ ಎಕ್ಸೈಟ್ ಮಾಡುತ್ತಾರೆ. 2024ರಲ್ಲಿ ಅಷ್ಟು ಕೈಗೂಡಿದೆ. ಈ ಹೊಸ ಗಡಿಯಾರಕ್ಕೆ ಏನನ್ನೋಣ? ಎಕ್ಸೈಟ್‌ಗೆ? ‘ಉದ್ರೇಕ’ ಅಂದರೆ ಹುಡುಗರು ನಗುತ್ತಾರೆ. ‘ಉದ್ರಿಕ್ತ’ ಅಂದರೆ ನಮ್ಮೂರಲ್ಲಿ ಬಸ್ಸು ನಿಂತವು ಅಂತಲೇ ಅರ್ಥ.

ಬಾಗಲಕೋಟೆಯಿಂದ:
ಮೊದಲು ‘ಅಣು ಗಡಿಯಾರ’ ತಿದ್ದಿ ಸರ್. ಅಣು ಅಂದರೆ ಮಾಲಿಕ್ಯೂಲ್. ಅದು ಪರಮಾಣು ಗಡಿಯಾರ, ನಿಮ್ಮದು ಬೈಜಿಕ ಗಡಿಯಾರ. ಬೈಜಿಕ ವಿದಳನ ಶಾಲೆಯಲ್ಲೇ ಓದಿದ್ದೇವೆ ಅಲ್ವಾ? ಹೊಸದು ಹುಟ್ಟಿಸಬೇಕಿಲ್ಲ.

ವಿಜಯಪುರದಿಂದ:
ಬೈಜಿಕ ಓದಿದವರಲ್ಲಿ ಎಷ್ಟು ಜನ ಅದನ್ನು ಬಾಯಲ್ಲಿ ಆಡಿದ್ದಾರೆ? ನ್ಯೂಕ್ಲಿಯಸ್‌ಗೆ ‘ತಿರುಳು’ ಇದೆ. ಎಕ್ಸೈಟ್‌ಗೆ ‘ಕೆರಳಿಸು’. ಗಡಿಯಾರವೂ ಬೇಡ, ಅದು ಘಟಿಯಿಂದ ಬಂದದ್ದು, ನೀರಿನ ಬಟ್ಟಲು. ನಮ್ಮ ಕಡೆ ತಾಸು ಅಂತೀವಿ. ತಿರುಳ್ತಾಸು. ಮುಗೀತು.

ಬಾಗಲಕೋಟೆಯಿಂದ:
ತಾಸು ಯಾರದ್ರೀ? ಮರಾಠಿಯವರೂ ತಾಸ್ ಅಂತಾರೆ. ಪಾರ್ಸಿಯಲ್ಲಿ ತಾಸ್ ಅಂದರೆ ಬಟ್ಟಲು. ಬಟ್ಟಲು ಬೇಡ ಅಂದವರು ಮತ್ತೆ ಬಟ್ಟಲಿಗೇ ಬಂದಿರಿ.

ಹುನಗುಂದದಿಂದ:
ಬಟ್ಟಲು ಆಮೇಲೆ. ‘ಕೆರಳಿಸು’ ಅರ್ಥದಲ್ಲೇ ತಪ್ಪು. ಕೆರಳುವವರು ಯಾರು ಕೆಣಕಿದರೂ ಕೆರಳುತ್ತಾರೆ. ಈ ನ್ಯೂಕ್ಲಿಯಸ್ ಹಾಗಲ್ಲ. ಸುಮಾರು 148 ನ್ಯಾನೊಮೀಟರ್ ಉದ್ದದ ಅಲೆಯ ನೇರಳಾತೀತ ಬೆಳಕೇ ಬೇಕು, ಚೂರು ಆಚೀಚೆ ಆದರೂ ಅಲುಗಲ್ಲ. ಆ ಅಲೆಯನ್ನು ಹುಡುಕೋಕೆ ವರ್ಷಗಟ್ಟಲೆ ಹಿಡಿದದ್ದು ಇದಕ್ಕೇ. ಬೇರೆ ನ್ಯೂಕ್ಲಿಯಸ್‌ಗಳಿಗೆ ಸಾಮಾನ್ಯವಾಗಿ ಸಾವಿರ, ಲಕ್ಷಗಟ್ಟಲೆ ಎಲೆಕ್ಟ್ರಾನ್‌ವೋಲ್ಟ್ (ಶಕ್ತಿಯ ಅಳತೆ) ಬೇಕು. ಮೇಜಿನ ಮೇಲಿನ ಲೇಸರಿಗೆ ಅದು ನಿಲುಕಲ್ಲ. ಥೋರಿಯಂ-229ಕ್ಕೆ 8.4 ಸಾಕು. ನ್ಯೂಕ್ಲಿಯಸ್ ತೀರಾ ಚಿಕ್ಕದು, ಸುತ್ತ ಎಲೆಕ್ಟ್ರಾನುಗಳ ಮರೆ ಬೇರೆ, ಹಾಗಾಗಿ ಹೊರಗಿನ ವಿದ್ಯುತ್ತು, ಕಾಂತದ ಕಾಟ ಕಡಿಮೆ. ಗಡಿಯಾರ ಜಾಸ್ತಿ ನಿಖರವಾದೀತು ಅನ್ನೋ ಆಸೆ ಇರೋದೇ ಅದರಿಂದ. ಇಷ್ಟು ಅಲುಗದ್ದಕ್ಕೆ ಕೆರಳಿಸು ಅಂತೀರಾ? ಆಗುತ್ತಿರುವುದು ಒಂದು ಮಟ್ಟದಿಂದ ಇನ್ನೊಂದಕ್ಕೆ ಹತ್ತುವುದು. ‘ಮೇಲ್ಮಟ್ಟಕ್ಕೆ ಏರಿಸು’ ಅನ್ನಿ, ಮಕ್ಕಳಿಗೆ ಚಿತ್ರವೂ ಬರೆಯಬಹುದು.

ವಿಜಯಪುರದಿಂದ:
ಏರಿಸು ಒಪ್ಪಿದೆ, ಅದು ಕನ್ನಡ. ತಿರುಳು ಬಿಡಲ್ಲ.

ಬಾಗಲಕೋಟೆಯಿಂದ:
ತಿರುಳು ಹಲಸಿನಹಣ್ಣಿಗೂ ಇದೆ.

ಬೆಳಗಾವಿಯಿಂದ:
ಧನ್ಯವಾದ. ಫ್ಲೆಕ್ಸ್ ಕೊಟ್ಟಾಯಿತು. ತಲೆಬರಹ ‘ನ್ಯೂಕ್ಲಿಯರ್ ಗಡಿಯಾರ’. ಕೆಳಗೆ ‘ಲೇಸರಿನಿಂದ ಥೋರಿಯಂ ನ್ಯೂಕ್ಲಿಯಸ್ಸನ್ನು ಮೇಲ್ಮಟ್ಟಕ್ಕೆ ಏರಿಸುವುದು’.

ವಿಜಯಪುರದಿಂದ:
ಐದು ಪದದಲ್ಲಿ ಮೂರು ಹೊರಗಿನವು. ಸಾಲ ಮಾಡಿ, ಬೇಡ ಅನ್ನಲ್ಲ, ಆದರೆ ಮನೇಲಿ ಇರೋದನ್ನೂ ಸಾಲ ತರ್ತೀರಲ್ಲ. ಸುಮ್ನೆ ನಮ್ಮನ್ನು ಯಾಕೆ ಕೇಳಿದಿರಿ?